ದೊಡ್ಡ ಮೇಜಿನ ಮೇಲೆ ನಾಲ್ಕು ತಿಂಗಳಿಂದ ಒಣಗುತ್ತಿರುವ ಮಹನೀಯರಿಗೆ

ಮಾನ್ಯರೇ,

ನಮ್ಮ ಬಡಾವಣೆಯ ಸಮುದಾಯ ಕಾರ್ಯಾಗಾರದ ಎಂಟಡಿ ಮೇಜಿನ ಮೇಲೆ, ಕಿಟಕಿಯ ಬೆಳಕು ನೇರವಾಗಿ ಬೀಳುವ ಜಾಗವನ್ನೇ ಆರಿಸಿಕೊಂಡು, ನಾಲ್ಕು ತಿಂಗಳಿಂದ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ ಅನಂತ ವಂದನೆಗಳು. ತಾವು ಕ್ಷೇಮವೆಂದು ನನಗೆ ಗೊತ್ತು, ಏಕೆಂದರೆ ತಮ್ಮನ್ನು ಒಂದಿಂಚು ಸರಿಸುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ. ನಮ್ಮ ಕ್ಷೇಮದ ವಿಚಾರವನ್ನು ಸಾವಕಾಶವಾಗಿ ಕೆಳಗೆ ಬರೆದಿದ್ದೇನೆ.

ತಮ್ಮನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಬರಿಯ ‘ಮಾನ್ಯರೇ’ ಎಂದಿದ್ದೇನೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ತಮಗೆ ಕೆಳಗಡೆ ಸ್ಟೂಲಿನಂಥ ಮೂರು ಕಾಲುಗಳಿವೆ, ನಡುವೆ ಮುಚ್ಚಳವಿಲ್ಲದ ಪ್ಲೈವುಡ್ ಪೆಟ್ಟಿಗೆಯ ಹೊಟ್ಟೆಯಿದೆ, ಆ ಹೊಟ್ಟೆಯೊಳಗಿಂದ ಟೇಬಲ್ ಫ್ಯಾನಿನ ಕತ್ತೊಂದು ಮೇಲೆದ್ದು ಬಾಗಿಲ ಕಡೆ ನೋಡುತ್ತಿದೆ. ನಮ್ಮ ಗಣಿತ ಮೇಷ್ಟ್ರು ತಮ್ಮನ್ನು ಗಾಳಿಯ ದಿಕ್ಕು ಅಳೆಯುವ ಉಪಕರಣವೆಂದು ಗೌರವಿಸುತ್ತಾರೆ. ಹೊಲಿಗೆಯವಳು ನೂಲು ಸುತ್ತುವ ಯಂತ್ರವೆನ್ನುತ್ತಾಳೆ. ಗಡಿಯಾರ ರಿಪೇರಿ ಮಾಡುವ ಹಿರಿಯರು ಮಾತ್ರ ತಮ್ಮ ಮುಂದೆ ಹಾದುಹೋಗುವಾಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ನನ್ನ ಪರಿಚಯವನ್ನೂ ಮಾಡಿಕೊಳ್ಳಬೇಕಲ್ಲವೇ. ನಾನು ಹೈಸ್ಕೂಲಿನವರೆಗೆ ಓದಿದವಳು, ಮೂವರು ಮಕ್ಕಳನ್ನೂ ಅವರ ಮಕ್ಕಳನ್ನೂ ಒಂದೇ ಸೂರಿನಡಿ ನೆಟ್ಟಗೆ ನಿಲ್ಲಿಸಿದವಳು, ಗರಗಸ ಹಿಡಿಯುವುದನ್ನು ಅರವತ್ತು ದಾಟಿದ ಮೇಲೆ ಈ ಕಾರ್ಯಾಗಾರದಲ್ಲೇ ಕಲಿತವಳು. ಇಲ್ಲಿ ಡ್ರಿಲ್ಲು, ಗರಗಸ, ಹೊಲಿಗೆ ಯಂತ್ರ ಎಲ್ಲವೂ ಎಲ್ಲರಿಗೂ ಸೇರಿದವು, ಮೇಜುಗಳೂ ಹಾಗೆಯೇ. ಕೆಲಸ ಅರ್ಧಕ್ಕೆ ನಿಂತರೆ ವಸ್ತುವಿನ ಮೇಲೆ ತಾರೀಖು ಬರೆದ ಹಳದಿ ಚೀಟಿ ಅಂಟಿಸಿ ಹೋಗಬಹುದು, ಚೀಟಿಗೆ ಏಳು ದಿನ ಆಯುಸ್ಸು, ಅಷ್ಟರೊಳಗೆ ಮಾಲೀಕರು ಬಂದು ಎತ್ತಿಕೊಳ್ಳದಿದ್ದರೆ ವಸ್ತು ಮೂಲೆಯ ಕಪಾಟಿಗೆ ಹೋಗಬೇಕು. ಇನ್ನೊಬ್ಬರ ಚೀಟಿಯನ್ನು ಕೀಳುವುದು ಇನ್ನೊಬ್ಬರ ತಟ್ಟೆಗೆ ಕೈ ಹಾಕಿದಷ್ಟೇ ಅಸಹ್ಯವೆಂದು ನಾವೆಲ್ಲ ನಂಬಿದ್ದೇವೆ. ತಮ್ಮ ಹೊಟ್ಟೆಯ ಮೇಲೆ ‘ಒಣಗುತ್ತಿದೆ, ಅಲುಗಾಡಿಸಬೇಡಿ’ ಎಂಬ ಚೀಟಿಯಿದೆ. ಅದರ ತಾರೀಖು ವಾರವಾರವೂ ಮುಂದಕ್ಕೆ ಹೋಗುತ್ತಲೇ ಇದೆ. ಇಷ್ಟು ದಿನ ಒಣಗಿಯೂ ಸಾಲದೆಂದರೆ ತಮ್ಮೊಳಗೆ ಒಂದು ಕೆರೆಯೇ ಇರಬೇಕು.

ತಮ್ಮ ವೈಭವವನ್ನು ಹೊಗಳದಿದ್ದರೆ ನನ್ನದು ತಪ್ಪಾಗುತ್ತದೆ. ತಾವು ಕೂತ ಮೇಲೆ ತಮ್ಮ ಸುತ್ತ ಒಂದು ಆಸ್ಥಾನವೇ ನೆರೆಯಿತು. ಮೊದಲು ಎರಡು ಟೀ ಲೋಟ ಬಂದವು, ಆಮೇಲೆ ಮುಚ್ಚಳ ಕಳೆದುಕೊಂಡ ಗೋಂದಿನ ಡಬ್ಬಿ, ಆಮೇಲೆ ಯಾರಿಗೂ ಬೇಡದ ಮೊಳೆಗಳು, ಒಂಟಿ ಕೈಗವಸು, ತುದಿ ಸಿಗದ ಟೇಪಿನ ಸುರುಳಿ. ಕೇಳಿದರೆ, “ಹೇಗೂ ಅಲ್ಲಿ ಜಾಗ ಇಲ್ವಲ್ಲ ಅಮ್ಮ, ಇದೊಂದು ಇಟ್ರೆ ಏನಾಗುತ್ತೆ” ಎಂಬ ಉತ್ತರ ಬರುತ್ತದೆ. ಖಾಲಿ ಮೇಜಿನ ಮೇಲೆ ಲೋಟ ಇಡಲು ನಾಚುವ ಜನ, ತಮ್ಮ ಆಶ್ರಯ ಸಿಕ್ಕ ಮೇಲೆ ಹೇಗೆ ಧೈರ್ಯವಂತರಾದರು ನೋಡಿ.

ಇಷ್ಟಕ್ಕೆ ನಾನು ಪತ್ರ ಬರೆಯುತ್ತಿರಲಿಲ್ಲ. ಸಂಗತಿ ಏನೆಂದರೆ, ನನ್ನ ತಂಗಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆರು ವಾರದಿಂದ ಆಸ್ಪತ್ರೆಯಲ್ಲಿದ್ದಾಳೆ, ಈ ಭಾನುವಾರ ಗಾಲಿಕುರ್ಚಿಯಲ್ಲಿ ನಮ್ಮ ಮನೆಗೆ ಬರಬೇಕು. ಅವಳು ಮೂವತ್ತು ವರ್ಷ ನರ್ಸಾಗಿ ಊರಿನವರನ್ನೆಲ್ಲ ಎತ್ತಿ ಮಲಗಿಸಿದವಳು, ತನ್ನನ್ನು ಯಾರಾದರೂ ಎತ್ತುವುದೆಂದರೆ ಅವಳಿಗಾಗದು. ನನ್ನ ದೊಡ್ಡ ಮಗ, “ಚಿಕ್ಕಮ್ಮನ್ನ ಕುರ್ಚಿ ಸಮೇತ ನಾವಿಬ್ರು ಎತ್ತಿ ಒಳಗಿಟ್ರೆ ಆಯ್ತು” ಎಂದು ಬೀರುವಿನ ಬಗ್ಗೆ ಹೇಳುವಂತೆ ಹೇಳಿದ. ಅದು ಅವಳ ಕಿವಿಗೆ ಬಿದ್ದು, “ಅಕ್ಕಾ, ಎತ್ಕೊಂಡು ಹೋಗೋದಾದ್ರೆ ನಾನು ಬರಲ್ಲ. ಇಲ್ಲಿಂದ ಆರೈಕೆ ಮನೆಗೇ ಹೋಗ್ತೀನಿ, ಅಲ್ಲಿ ಹಾಸಿಗೆ ಖಾಲಿ ಇದೆಯಂತೆ, ಕೇಳಿದೀನಿ” ಎಂದಳು. ಅವಳು ಕೇಳಿದ್ದೇನೆ ಎಂದರೆ ಕೇಳಿಯೇ ಇರುತ್ತಾಳೆ. ಅವಳ ಹಟ ನಮ್ಮಪ್ಪನಿಂದ ಬಂದದ್ದು, ನನಗೆ ಅಷ್ಟಾಗಿ ಬಂದಿಲ್ಲ.

ನಮ್ಮ ಮನೆ ಬಾಗಿಲಿಗೆ ಎರಡು ಗಿಡ್ಡ ಮೆಟ್ಟಿಲು, ಎರಡೂ ಸೇರಿ ಎಂಟು ಇಂಚು. ಒಂದಿಂಚಿಗೆ ಒಂದಡಿ ಉದ್ದವಿದ್ದರೆ ಕುರ್ಚಿಯಲ್ಲಿ ಕೂತವರು ತಾವೇ ಚಕ್ರ ತಿರುಗಿಸಿ ಹತ್ತಬಹುದೆಂದು ಗಣಿತ ಮೇಷ್ಟ್ರು ಲೆಕ್ಕ ಹಾಕಿಕೊಟ್ಟರು. ಅಲ್ಲಿಗೆ ಎಂಟಡಿಯ ಇಳಿಜಾರು ಬೇಕಾಯಿತು. ಅದರ ಎರಡು ಪಕ್ಕದ ಹಲಗೆಗಳನ್ನು ಒಂದರ ಮೇಲೊಂದು ಮಲಗಿಸಿ, ಬಿಗಿಯಾಗಿ ಹಿಡಿಸಿ, ಈ ತುದಿಯಿಂದ ಆ ತುದಿಗೆ ಓರೆಯಾಗಿ ಕೊಯ್ಯಬೇಕು. ಕೂದಲೆಳೆ ವ್ಯತ್ಯಾಸವಾದರೂ ಕುರ್ಚಿ ಒಂದು ಪಕ್ಕಕ್ಕೆ ವಾಲುತ್ತದೆ. ಈ ಕೆಲಸಕ್ಕೆ ಇಡೀ ಕಾರ್ಯಾಗಾರದಲ್ಲಿ ತಕ್ಕ ಮೇಜು ಒಂದೇ, ಅದು ತಮ್ಮ ಕಾಲ ಕೆಳಗಿದೆ.

ನಾನು ತಮಗೆ ತೊಂದರೆ ಕೊಡಬಾರದೆಂದು ಸೋಮವಾರ ನೆಲದ ಮೇಲೆ ಕೂತು ಕೊಯ್ಯಲು ನೋಡಿದೆ. ಕೂತದ್ದು ನಾನು, ಏಳಿಸಿದ್ದು ಇಬ್ಬರು. ಮಂಗಳವಾರ ಎರಡು ಚಿಕ್ಕ ಮೇಜುಗಳನ್ನು ಜೋಡಿಸಿದೆ, ಅವುಗಳಲ್ಲಿ ಒಂದು ಇನ್ನೊಂದಕ್ಕಿಂತ ಬೆರಳಿನಷ್ಟು ಎತ್ತರವೆಂಬುದು ಗರಗಸ ಅಡ್ಡ ಹೋದ ಮೇಲೆ ತಿಳಿಯಿತು. ತಂದಿದ್ದ ಮೂರು ಹಲಗೆಗಳಲ್ಲಿ ಒಂದು ಹಾಳಾಯಿತು. ಈಗ ಉಳಿದಿರುವುದು ಎರಡೇ ಹಲಗೆ, ಅವೂ ಕೆಟ್ಟರೆ ಭಾನುವಾರದೊಳಗೆ ಬೇರೆ ಸಿಗುವುದಿಲ್ಲ.

ಆದ್ದರಿಂದ ಬುಧವಾರ ಟೀ ಸಮಯಕ್ಕೆ ಎಲ್ಲರನ್ನೂ ತಮ್ಮ ಸುತ್ತ ನಿಲ್ಲಿಸಿ, ಈ ಮಹನೀಯರು ಯಾರ ಕಡೆಯವರು ಎಂದು ವಿಚಾರಿಸಿದೆ. ಬೀಗದ ಕೈ ಇಟ್ಟುಕೊಳ್ಳುವ ಮೇಲ್ವಿಚಾರಕಿ, “ನಂದಲ್ಲಮ್ಮ, ಪಾಪ ಯಾರದೋ, ತಾರೀಖು ಮುಗಿದಿತ್ತು ಅಂತ ನಾನೇ ಒಂದ್ಸಲ ಮುಂದಕ್ಕೆ ಹಾಕಿದ್ದೆ” ಎಂದಳು. ಹೊಲಿಗೆಯವಳೂ ಆಗಾಗ ಹಾಕುತ್ತಿದ್ದಳಂತೆ. ಮೇಷ್ಟ್ರು ಮೂರು ಸಲ ಹಾಕಿದ್ದರಂತೆ, ವಿಜ್ಞಾನಕ್ಕೆ ಅಡ್ಡಿಯಾಗಬಾರದೆಂದು. ಗಡಿಯಾರದವರು ತಲೆ ತಗ್ಗಿಸಿದರು, ಅಂದರೆ ಅವರೂ ಹಾಕಿದ್ದಾರೆ. ಚೀಟಿಯಲ್ಲಿ ಐದು ಕೈಬರಹಗಳಿದ್ದವು. ಐದನೆಯದು ದುಂಡಗೆ, ಸಾಲು ತಪ್ಪದೆ, ಬಹಳ ಚೆನ್ನಾಗಿತ್ತು. ಅದು ನನ್ನದು. ಯಾರೋ ಕಾಯಿಲೆ ಬಿದ್ದಿರಬೇಕೆಂದು ನಾನೂ ಒಂದು ವಾರ ಕರುಣಿಸಿದ್ದೆ.

ಇಷ್ಟಾದ ಮೇಲೆ ತಮ್ಮ ಜನ್ಮವೃತ್ತಾಂತವೂ ಬಿಚ್ಚಿಕೊಂಡಿತು. ಆ ಮೂರು ಕಾಲುಗಳು ಮೇಷ್ಟ್ರ ಸ್ಟೂಲು, ನಾಲ್ಕನೇ ಕಾಲು ಹಾಕಿಸಲು ತಂದದ್ದು. ಹೊಲಿಗೆಯವಳು ಗುಂಡಿ ಇಡಲು ಮಾಡಿದ ಪೆಟ್ಟಿಗೆಗೆ ಬಣ್ಣ ಬಳಿದು, ಒಣಗಲಿ ಎಂದು ಅದರ ಮೇಲಿಟ್ಟು ಚೀಟಿ ಅಂಟಿಸಿದಳು. ಗಡಿಯಾರದವರು ಪೆಟ್ಟಿಗೆ ಅಲುಗಾಡುವುದನ್ನು ಕಂಡು, ಯಾರದೋ ಕೆಲಸ ಬಿದ್ದು ಹೋದೀತೆಂದು ಸ್ಕ್ರೂ ಹಾಕಿ ಸ್ಟೂಲಿಗೇ ಬಿಗಿದರು. ಮೇಲ್ವಿಚಾರಕಿ ತನ್ನ ಕೆಟ್ಟ ಫ್ಯಾನಿನ ಕತ್ತನ್ನು ಒಂದು ಗಳಿಗೆ ಪೆಟ್ಟಿಗೆಯಲ್ಲಿ ನಿಲ್ಲಿಸಿ ಫೋನಿಗೆ ಹೋದಳು. ಅದು ವಾಲುತ್ತಿದ್ದುದನ್ನು ನೋಡಿ ತಂತಿ ಸುತ್ತಿದವಳು ನಾನು. ನಾಲ್ಕು ಸುತ್ತು ಸುತ್ತಿದ್ದೇನೆ, ಕೆಲಸ ಗಟ್ಟಿಯಾಗಿದೆ, ಅದರ ಬಗ್ಗೆ ನನಗೆ ಸಂಕೋಚವಿಲ್ಲ. ಆಮೇಲೆ ಬಂದ ಪ್ರತಿಯೊಬ್ಬರೂ ತಂತಮ್ಮ ವಸ್ತು ಕಾಣದೆ, ಇದು ಇನ್ಯಾರದೋ ದೊಡ್ಡ ಯಂತ್ರವೆಂದುಕೊಂಡು, ದೂರದಿಂದಲೇ ಗೌರವ ಸಲ್ಲಿಸಿ ಮನೆಗೆ ಹೋದರು. ಮೇಷ್ಟ್ರಂತೂ ನಾಲ್ಕು ತಿಂಗಳಿಂದ ನಿಂತುಕೊಂಡೇ ಪೇಪರ್ ಓದುತ್ತಿದ್ದಾರೆ.

ಹೀಗೆ ರಿಪೇರಿ ಬಲ್ಲ ಐದು ಜನರ ಒಳ್ಳೆಯತನದಿಂದ ಹುಟ್ಟಿದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ ಇಷ್ಟೇ. ತಾವು ಸ್ಟೂಲೇ ಆಗಿದ್ದರೆ ದಯಮಾಡಿ ಆ ಮೂರು ಕಾಲುಗಳಿಂದಲೇ ಇಳಿದು ಮೇಷ್ಟ್ರ ಮನೆಗೆ ನಡೆದುಹೋಗಬೇಕು. ಫ್ಯಾನೇ ಆಗಿದ್ದರೆ ಬೇಸಿಗೆ ಮುಗಿಯುವ ಮೊದಲು ಒಮ್ಮೆಯಾದರೂ ತಿರುಗಬೇಕು. ಎರಡೂ ಅಲ್ಲ, ನಾನಿಲ್ಲೇ ಇರುತ್ತೇನೆ ಎನ್ನುವುದಾದರೆ, ಕಾರ್ಯಾಗಾರದ ಅಧ್ಯಕ್ಷ ಪದವಿಯನ್ನು ಸ್ವೀಕರಿಸಿ ಟೀ ಲೋಟಗಳನ್ನು ತಾವೇ ತೊಳೆಯಬೇಕು. ಇವು ಯಾವುವೂ ಆಗದ ಪಕ್ಷದಲ್ಲಿ, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಸ್ಕ್ರೂ ಡ್ರೈವರ್ ಹಿಡಿದು ಬರುತ್ತೇನೆ. ತಮ್ಮ ಬಂಧುಗಳು ಬಂದು ತಂತಮ್ಮ ಪಾಲು ತೆಗೆದುಕೊಳ್ಳಲಿ, ಬಾರದವರ ಪಾಲಿಗೆ ಕಪಾಟಿನ ಬಾಗಿಲು ತೆರೆದಿದೆ.

ಒಂದೇ ಒಂದು ಮಾತನ್ನು ನಗೆಯಿಲ್ಲದೆ ಬರೆಯುತ್ತೇನೆ. ನನ್ನ ತಂಗಿ ನನ್ನ ಮನೆಗೆ ತಾನಾಗಿಯೇ ಬರಬೇಕು. ನನ್ನ ಮನೆ ಬಾಗಿಲಿನಿಂದ ಅವಳು ವಾಪಸ್ಸು ಹೋಗುವುದಕ್ಕೆ ಒಂದು ಮೇಜು ಕಾರಣವಾಯಿತೆಂದು ಹೇಳಿಕೊಂಡು ನಾನು ಉಳಿದ ದಿನ ಕಳೆಯಲಾರೆ.

ಶುಕ್ರವಾರ ಹತ್ತು ಗಂಟೆಯವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ತಂತಿ ಸುತ್ತಿದವಳು

ಬರೆಯಲು ಉಳಿದದ್ದು (ಸೋಮವಾರ ಸೇರಿಸಿದ್ದು): ಶುಕ್ರವಾರ ನಾಲ್ವರೂ ಹತ್ತಕ್ಕೆ ಮೊದಲೇ ಬಂದಿದ್ದರು, ನನ್ನ ತಂತಿ ಬಿಚ್ಚಲು ಮಾತ್ರ ಎಲ್ಲರಿಗೂ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಹಲಗೆಗಳನ್ನೂ ಗೆರೆ ತಪ್ಪದೆ ಕೊಯ್ದೆ. ಭಾನುವಾರ ನನ್ನ ತಂಗಿ ತಾನೇ ಚಕ್ರ ತಿರುಗಿಸಿಕೊಂಡು ಇಳಿಜಾರು ಹತ್ತಿದಳು, ಹೊಸ್ತಿಲಲ್ಲಿ ಕುರ್ಚಿ ನಿಲ್ಲಿಸಿ ಬೀದಿಯ ಕಡೆ ನೋಡಿದಳು, ಎದುರು ಮನೆಯವರು ಆಗಷ್ಟೇ ಹೊರಗೆ ಬಂದಿದ್ದರಿಂದ ಇಳಿದು ಇನ್ನೊಮ್ಮೆ ಹತ್ತಿದಳು. ಒಳಗೆ ಬಂದವಳೇ ತನ್ನ ಕೈಚೀಲ, ಆರು ಔಷಧಿ ಡಬ್ಬಿ, ಹೆಣಿಗೆಯ ಉಣ್ಣೆ, ಕನ್ನಡಕದ ಪೆಟ್ಟಿಗೆ ಮತ್ತು ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣವನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿದಳು, ಅವು ಈಗಲೂ ಅಲ್ಲೇ ಇವೆ. ನಾನು ಅವಕ್ಕೆ ಚೀಟಿ ಅಂಟಿಸಿಲ್ಲ. ಕಾರ್ಯಾಗಾರದ ಸದಸ್ಯರು ಇದನ್ನು ಉದಾಹರಣೆಯಾಗಿ ತೆಗೆದುಕೊಳ್ಳಕೂಡದು.