ಓದಿಗೊಂದು ಮಿಸ್ ಕಾಲ್

ಫೋನು ಒಂದು ಸಲ ಹೊಡೆದು ಸುಮ್ಮನಾದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಪೂರ್ತಿ ಹೊಡೆದರೆ ತೊಂದರೆಯಿಲ್ಲ. ಎತ್ತಿ ಮಾತಾಡಬಹುದು, ರಾಂಗ್ ನಂಬರ್ ಎಂದು ಇಟ್ಟುಬಿಡಬಹುದು. ಆದರೆ ಒಂದೇ ಸಲ ಹೊಡೆದು ನಿಂತರೆ ಎದೆ ಝಲ್ಲೆನ್ನುತ್ತದೆ, ಕೈ ತಾನಾಗಿ ಏನನ್ನೋ ಹುಡುಕುತ್ತದೆ. ಡಾಕ್ಟರು ಬಿಪಿ ನೋಡಿ ಎಲ್ಲ ಸರಿಯಾಗಿದೆ ಎಂದರು. ನನ್ನ ಹೆಂಡತಿ ಪದ್ಮಾ ಮಾತ್ರ, "ಅದು ಬಿಪಿ ಅಲ್ರೀ, ನಳ" ಎಂದು ನಗುತ್ತಾಳೆ. ನಮ್ಮ ಕಡೆ ನಲ್ಲಿಗೆ ನಳ ಎನ್ನುತ್ತೇವೆ. ಫೋನಿಗೂ ನಳಕ್ಕೂ ಏನು ಸಂಬಂಧ ಎಂಬುದನ್ನು, ನಾನು ಕಣ್ಣಾರೆ ಕಂಡಷ್ಟು, ಸಾವಕಾಶವಾಗಿ ಹೇಳುತ್ತೇನೆ.

ಆಗ ನಾನು ವಾಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ವಾಡಿಯಲ್ಲಿ ಯಾವುದೂ ಒಂದು ಕಡೆ ನಿಲ್ಲುವುದಿಲ್ಲ. ಗಾಡಿಗಳು ಬರುತ್ತವೆ, ಹೋಗುತ್ತವೆ, ಹಿಂದಕ್ಕೆ ಬಂದು ಇನ್ನೊಂದು ಹಳಿಗೆ ಹೋಗುತ್ತವೆ. ಸಿಮೆಂಟಿನ ಧೂಳು ಕೂಡ ಇವತ್ತು ನಮ್ಮ ಕಿಟಕಿಯ ಮೇಲೆ ಕೂತರೆ ನಾಳೆ ಎದುರು ಮನೆಯ ಹಪ್ಪಳದ ಮೇಲೆ. ಕಾರ್ಖಾನೆಯ ಭೋಂಗಾ ಕೂಗಿದರೆ ಊರು ಎದ್ದಿತು, ಮತ್ತೆ ಕೂಗಿದರೆ ಉಂಡಿತು. ಇಂಥ ಊರಿನ ಹುಡುಗರ ಮುಂದೆ ನಿಂತು, "ಮನಸ್ಸು ಒಂದು ಕಡೆ ಇಡ್ರಿ" ಎಂದು ನಾನು ಹೇಳುವಾಗಲೇ ಗೂಡ್ಸ್ ಗಾಡಿ ಹಾಯುತ್ತಿತ್ತು. ಇಡೀ ತರಗತಿಯ ತುಟಿಗಳು ಸದ್ದಿಲ್ಲದೆ ಡಬ್ಬಿ ಎಣಿಸುತ್ತಿದ್ದವು. ಕೊನೆಯ ಡಬ್ಬಿ ಹೋದ ಮೇಲೆ ಯಾರಾದರೂ ಎಣಿಕೆ ತಪ್ಪು ಹೇಳಿದರೆ ನನಗೆ ತಡೆಯಲಾಗುತ್ತಿರಲಿಲ್ಲ, ತಿದ್ದಿಬಿಡುತ್ತಿದ್ದೆ. ಅಲ್ಲಿಗೆ ನನ್ನ ಮನಸ್ಸು ಎಲ್ಲಿತ್ತು ಎಂಬುದೂ ಗೊತ್ತಾಗುತ್ತಿತ್ತು.

ಆ ವರ್ಷ ಗುಲ್ಬರ್ಗಾದಲ್ಲಿ ನಮಗೊಂದು ತರಬೇತಿ ಆಯಿತು. ತಂತ್ರಜ್ಞಾನ ಬಳಸಿ ಹೈಸ್ಕೂಲ್ ಮಕ್ಕಳಲ್ಲಿ ಶಿಸ್ತು, ಏಕಾಗ್ರತೆ ಬೆಳೆಸುವುದು ಹೇಗೆ ಎಂಬುದು ವಿಷಯ. ಹೇಳಲು ಬಂದವರು ಏಕಾಗ್ರತೆ ಎಂಬ ಶಬ್ದ ಬಂದಾಗಲೆಲ್ಲ ತಮ್ಮ ಕಿಸೆಯ ಫೋನು ಹೊಡೆದು ಹೊರಗೆ ಹೋಗುತ್ತಿದ್ದರು. ಆದರೂ ಮಾತು ನನ್ನ ತಲೆಯಲ್ಲಿ ಕೂತಿತು. ನಮ್ಮ ಶಾಲೆಯಲ್ಲಿ ತಂತ್ರಜ್ಞಾನ ಎಂದರೆ ಹೆಡ್ ಮಾಸ್ತರರ ಕೋಣೆಯಲ್ಲಿ ಹೂವಿನ ಬಟ್ಟೆ ಹೊದ್ದು ಕೂತಿದ್ದ ಒಂದು ಕಂಪ್ಯೂಟರು. ಅದನ್ನು ದಸರೆಯಲ್ಲಿ ಮಾತ್ರ ಹೊರಗೆ ತೆಗೆದು ಕುಂಕುಮ ಹಚ್ಚುತ್ತಿದ್ದೆವು. ಕೀಲಿಮಣೆಯ ಸಂದಿಯಲ್ಲಿ ಅಕ್ಷರಕ್ಕಿಂತ ಅಕ್ಷತೆಯೇ ಹೆಚ್ಚಿತ್ತು. ಅದನ್ನು ನಂಬಿ ಉಪಯೋಗವಿಲ್ಲ ಎಂದು ನಾನು ನನ್ನ ಹೊಸ ಮೊಬೈಲಿನ ಕಡೆ ನೋಡಿದೆ.

ಯೋಜನೆ ಸರಳ. ಹತ್ತನೆಯ ತರಗತಿಯಲ್ಲಿ ಮನೆಯಲ್ಲಿ ಫೋನಿದ್ದ ಮಕ್ಕಳಿಗೆ ನಸುಕಿನಲ್ಲಿ ನಾನು ಒಂದು ಮಿಸ್ ಕಾಲ್ ಕೊಡುವುದು. ಅಂದರೆ ಏಳು, ಲೆಕ್ಕಕ್ಕೆ ಕೂಡು ಎಂದರ್ಥ. ಅವರು ತಿರುಗಿ ಒಂದು ಕೊಡಬೇಕು. ಅಂದರೆ ಕೂತಿದ್ದೇನೆ ಎಂದರ್ಥ. ಯಾರಿಗೂ ಖರ್ಚಿಲ್ಲ. "ಮಂದಿ ಮಕ್ಕಳನ್ನ ನೀವು ಎಬ್ಬಸ್ತೀರಿ, ಖರೇ. ನಿಮ್ಮನ್ನ ಎಬ್ಬಸೋರು ಯಾರು?" ಎಂದಳು ಪದ್ಮಾ. ಅಲಾರಂ ಇಟ್ಟಿದ್ದೇನೆ ಎಂದೆ. ಅಲಾರಂ ಹೊಡೆದಾಗ ಎಚ್ಚರವಾದದ್ದು ಅವಳಿಗೆ. ಅವಳು ನನ್ನನ್ನು ಎಬ್ಬಿಸಿದಳು. ತಂತ್ರಜ್ಞಾನ ನಮ್ಮ ಮನೆಯಲ್ಲಿ ಹೀಗೆ ಅವಳ ಮೂಲಕವೇ ಕೆಲಸ ಮಾಡಿತು.

ಈ ಮಕ್ಕಳಲ್ಲಿ ನನಗೆ ಹೆಚ್ಚು ಚಿಂತೆ ಇದ್ದದ್ದು ಶಿವಲೀಲಾಳದು. ಉಳಿದ ವಿಷಯಗಳಲ್ಲಿ ಚುರುಕು, ಗಣಿತದಲ್ಲಿ ಮಾತ್ರ ಅರ್ಧವಾರ್ಷಿಕಕ್ಕೆ ಫೇಲಾಗಿದ್ದಳು. ಅವಳ ಅಪ್ಪ ರೈಲ್ವೆ ಹಳಿಯ ಮೇಲೆ ಕೆಲಸ ಮಾಡುವವನು, ಮಾತು ಕಡಿಮೆ. ಫೈನಲ್‌ನಲ್ಲಿ ಪಾಸಾಗದಿದ್ದರೆ ಸುಲೇಪೇಟದ ಅತ್ತೆಯ ಮನೆಗೆ ಹೊಲಿಗೆ ಕಲಿಯಲು ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. "ಸರ, ನನಗ ಹೊಲಿಗಿ ಬಿಲ್ಕುಲ್ ಬ್ಯಾಡ್ರಿ. ಸೂಜಿಯೊಳಗ ದಾರ ಹಾಕೂದ್ರೊಳಗ ನನ್ನ ಮನಸ್ಸು ಚಿತ್ತಾಪುರಕ್ಕ ಹೋಗಿ ಬರ್ತದ. ನಾ ಕಾಲೇಜಿಗೆ ಹೋಗಬೇಕ್ರಿ. ಬೆಳಿಗ್ಗೆ ಎಚ್ಚರ ಒಂದು ಆದ್ರ ಸಾಕು, ಓದ್ತೀನಿ" ಎಂದು ಅವಳೇ ಬಂದು ಹೇಳಿದ್ದಳು. ಅವಳ ಅವ್ವ ನಾಗಮ್ಮನ ಫೋನಿಗೆ ನಾನು ಎಲ್ಲರಿಗಿಂತ ಮೊದಲು ಮಿಸ್ ಕಾಲ್ ಕೊಡುತ್ತಿದ್ದೆ. ಎಲ್ಲರಿಗಿಂತ ಮೊದಲು ತಿರುಗಿ ಬರುತ್ತಿದ್ದುದೂ ಅಲ್ಲಿಂದಲೇ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮುಂದಿನ ತರಬೇತಿಯಲ್ಲಿ ಹೇಳಲು ನಾನೇ ಹೋಗಬೇಕಾಗಬಹುದು ಎಂದು ಕನ್ನಡಿಯ ಮುಂದೆ ನಿಂತು ಒಂದೆರಡು ವಾಕ್ಯ ಸಿದ್ಧಮಾಡಿಕೊಂಡೆ.

ಆದರೆ ಶಿವಲೀಲಾ ತರಗತಿಯಲ್ಲಿ ತೂಕಡಿಸತೊಡಗಿದಳು. ಮೊದಲು ಗಲ್ಲಕ್ಕೆ ಕೈ, ಆಮೇಲೆ ಬೆಂಚಿಗೆ ಗಲ್ಲ. ಗೂಡ್ಸ್ ಗಾಡಿ ಹಾಯ್ದರೂ ಎಣಿಸುತ್ತಿರಲಿಲ್ಲ. ಇದು ಗಂಭೀರ ಲಕ್ಷಣ. ಒಂದು ಕಿರುಪರೀಕ್ಷೆ ಕೊಟ್ಟೆ, ಮೊದಲಿಗಿಂತ ಕಡಿಮೆ ಬಂತು. "ದಿನಾ ಏಳ್ತೀಯಿಲ್ಲ?" ಎಂದು ಕೇಳಿದೆ. "ಏಳ್ತೀನ್ರಿ ಸರ. ಅವ್ವ ಬಿಡಂಗಿಲ್ಲ" ಎಂದಳು. "ಎದ್ದು ಏನ್ ಮಾಡ್ತಿ?" ಎಂದರೆ ಪುಸ್ತಕದ ಹಾಳೆ ತಿರುವಿದಳು. ಪರೀಕ್ಷೆ ಹತ್ತಿರ ಬಂದಿತ್ತು. ಮರುದಿನ ನಸುಕಿನಲ್ಲಿ ಸ್ಕೂಟರ್ ತೆಗೆದುಕೊಂಡು ಅವರ ಓಣಿಯ ತುದಿಗೇ ಹೋಗಿ ನಿಂತೆ, ಅಲ್ಲಿಂದಲೇ ಮಿಸ್ ಕಾಲ್ ಕೊಟ್ಟೆ.

ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ನಾಗಮ್ಮನ ಮನೆಯ ದೀಪ ಹತ್ತಿತು. ನನ್ನ ಫೋನಿಗೆ ತಿರುಗಿ ಒಂದು ಗಂಟೆ ಬಂತು. ಆಮೇಲೆ ಬಾಗಿಲು ತೆರೆದು ನಾಗಮ್ಮ, "ನಳಾ ಬಂತೂ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಪಕ್ಕದ ಮನೆಯ ದೀಪ ಹತ್ತಿತು, ಎದುರು ಮನೆಯದು, ಅದರಾಚೆಯದು. ಕೊಡಗಳ ಸದ್ದು. ನಾನು ನೋಡನೋಡುತ್ತಿದ್ದಂತೆ ಓಣಿಯ ನಡುವಿನ ನಳದ ಮುಂದೆ ಸಾಲು ನಿಂತಿತು. ಸಾಲಿನಲ್ಲಿ ಎರಡು ಕಂಕುಳಲ್ಲೂ ಕೊಡ ಇಟ್ಟುಕೊಂಡು, ನಿಂತಲ್ಲೇ ನಿದ್ದೆ ಮಾಡುತ್ತ, ನನ್ನ ವಿದ್ಯಾರ್ಥಿನಿ. ನಳದಿಂದ ಒಂದು ಹನಿ ಇಲ್ಲ.

ಆಗ ನನಗೆ ಹೊಳೆಯಿತು. ಆ ಓಣಿಯಲ್ಲಿ ನಾನು ಬರುವ ಮೊದಲೇ ಮಿಸ್ ಕಾಲ್ ಇತ್ತು. ಊರಿನ ನೀರಿನ ಟಾಕಿಯಿಂದ ನೀರು ಬಿಡುವವನು ನಾಗಮ್ಮನಿಗೆ ಒಂದು ಕೊಟ್ಟರೆ ನೀರು ಬಿಟ್ಟಿದ್ದೇನೆ ಎಂದರ್ಥ. ಅವಳು ತಿರುಗಿ ಒಂದು ಕೊಟ್ಟರೆ ಗೊತ್ತಾಯಿತು ಎಂದರ್ಥ. ಹೊಡೆದದ್ದು ಯಾರ ನಂಬರೆಂದು ನಾಗಮ್ಮ ನೋಡುತ್ತಲೇ ಇರಲಿಲ್ಲ. ನಾನು ಗುಲ್ಬರ್ಗಾದಿಂದ ತಂದ ತಂತ್ರಜ್ಞಾನ, ಹೋಗುವ ಒಂದು ಗಂಟೆ, ತಿರುಗಿ ಬರುವ ಒಂದು ಗಂಟೆ ಸಹಿತ, ಅದೇ ಆಗಿತ್ತು. ಶಿವಲೀಲಾಳೂ ಪಾಪ, ಆಮೇಲೆ ಅವಳೇ ಹೇಳಿದಂತೆ, ನನ್ನ ಮಿಸ್ ಕಾಲ್ ಬರುವಷ್ಟರಲ್ಲಿ ತಾನು ನೀರಿಗೆ ಹೋಗಿರುತ್ತೇನೆ, ಸರ್‌ಗೆ ಹೇಗೆ ಹೇಳುವುದು ಎಂದು ಅಂಜಿದ್ದಳು.

"ದಿನಾ ಇದೇ ಹಾಡಾತಲ್ಲ! ಫೋನ್ ಹೊಡಿತಾನ, ನೀರು ಬಿಡಂಗಿಲ್ಲ. ನಮ್ಮ ಕೂಡ ಮಷ್ಕಿರಿ ಮಾಡಾಕತ್ತಾನೇನು?" ಎಂದಳು ಸಾಲಿನಲ್ಲಿದ್ದ ಒಬ್ಬ ಮುದುಕಿ. "ತಡಿ ಆಯಿ, ಇವತ್ತ ಬಿಡಂಗಿಲ್ಲ" ಎಂದು ನಾಗಮ್ಮ ಸೊಂಟದ ಚೀಲದಿಂದ ಫೋನ್ ತೆಗೆದಳು. "ಯಾವಾಗಲೂ ಒಂದು ಹೊಡೆದು ಬಿಡ್ತಿದ್ದೆ. ಇವತ್ತ ಪೂರ್ತಿ ಹೊಡಿತೀನಿ. ಅವನೆತ್ತಲಿ, ಅವನ ಮಾರಿ ನೀರು ಇಳಸ್ತೀನಿ." ಕೊನೆಗೆ ಬಂದ ನಂಬರಿಗೆ ಹಸಿರು ಗುಂಡಿ ಒತ್ತಿದಳು.

ನನ್ನ ಕಿಸೆಯಲ್ಲಿ ಕೋಳಿ ಕೂಗಿತು. ಆ ರಿಂಗ್‌ಟೋನನ್ನು ಇಟ್ಟವನು ನನ್ನ ಅಳಿಯ. ತೆಗೆಯುವುದು ಹೇಗೆಂದು ನನಗೆ ತಿಳಿದಿರಲಿಲ್ಲ. ನಿಲ್ಲಿಸಲು ಹೋದೆ, ಫೋನು ಕೈ ಜಾರಿತು. ನೆಲದ ಮೇಲೆ ಬಿದ್ದ ಕೋಳಿ ಇನ್ನೂ ಜೋರಾಗಿ ಕೂಗಿತು. ಇಡೀ ಸಾಲು ತಿರುಗಿ ನೋಡಿತು.

"ಅಯ್ಯ! ಇವರು ಲೆಕ್ಕದ ಸರ ಅಲ್ಲೇನು?" ಎಂದಳು ನಾಗಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಬರ್ರಿ ಸರ, ಯಾಕ್ರಿ ಕತ್ತಲದಾಗ ನಿಂತೀರಿ? ನಿಮಗೂ ನೀರಿಲ್ಲೇನ್ರಿ?"

ನಾನು ತಪ್ಪಿಲ್ಲದಂತೆ, ಮೊದಲಿನಿಂದ ಎಲ್ಲ ವಿವರಿಸಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುದುಕಿ ಮಾತ್ರ, "ಹಂಗಾರ ಇಷ್ಟು ದಿನ ನಾವೆಲ್ಲಾರೂ ಲೆಕ್ಕ ಕಲಿಲಿಕ್ಕೆ ಎದ್ದೀವೇನವ್ವ!" ಎಂದಳು. ಸಾಲೇ ನಕ್ಕಿತು. ಶಿವಲೀಲಾ ಪೂರ್ತಿ ಎಚ್ಚರವಾಗಿ ನಕ್ಕದ್ದನ್ನು ನಾನು ಎಷ್ಟೋ ದಿನದ ಮೇಲೆ ನೋಡಿದೆ. "ಸರ, ಒಂದು ನಳದಿಂದ ತೊಟ್ಟಿ ತುಂಬೋ ಲೆಕ್ಕ ಮಾತ್ರ ನನಗ ಕೊಡಬ್ಯಾಡ್ರಿ" ಎಂದಳು. ಅಲ್ಲೇ ತೀರ್ಮಾನವಾಯಿತು: ಒಂದು ಹೊಡೆದರೆ ನೀರು, ಎರಡು ಹೊಡೆದರೆ ಓದು. ಪರೀಕ್ಷೆ ಮುಗಿಯುವತನಕ ಶಿವಲೀಲಾಳ ಕೊಡ ತಾನು ಹೊರುತ್ತೇನೆಂದು ನಾಗಮ್ಮ ಎಲ್ಲರ ಮುಂದೆ ಹೇಳಿದಳು. ನನ್ನ ಯೋಜನೆಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಈ ಅಂಶವೊಂದೇ ಎಂದು ಈಗ ಅನ್ನಿಸುತ್ತದೆ.

ಮನೆಗೆ ಬಂದು ಹೇಳಿದರೆ ಪದ್ಮಾ ನಗಲಿಲ್ಲ. "ಭಾಳ ಚಲೋ ಪದ್ಧತಿ ಅದ. ನಮ್ಮ ಓಣಿಗೂ ಮಾಡಸ್ರಿ" ಎಂದಳು. ಹೀಗೆ ನೀರು ಬಿಡುವವನ ಮಿಸ್ ಕಾಲ್ ನನ್ನ ಫೋನಿಗೂ ಬರತೊಡಗಿತು. ಒಂದು ಹೊಡೆಯಿತೆಂದರೆ ಕೊಡ ಹಿಡಿದು ಓಡುವುದು ನನ್ನ ಪಾಲಿನ ಕೆಲಸವಾಯಿತು.

ಶಿವಲೀಲಾ ಪರೀಕ್ಷೆ ಬರೆದಳು. ಫಲಿತಾಂಶದ ಹಿಂದಿನ ದಿನ ಬಂದು, "ಪಾಸಾದ್ರ ಒಂದು ಹೊಡಿತೀನ್ರಿ ಸರ. ಫೇಲಾದ್ರ ಎರಡು" ಎಂದಳು. ಬಾಗಿಲ ತನಕ ಹೋಗಿ ತಿರುಗಿ, "ಎರಡನೇದು ಹೊಡಿಲಿಕ್ಕೆ ನನಗ ಕೈ ಬರತದೋ ಇಲ್ಲೋ" ಎಂದಳು.

ಮರುದಿನ ಬೆಳಿಗ್ಗೆಯಿಂದ ನಾನು ಒಳಗೆ ಹೊರಗೆ ಓಡಾಡಿದೆ. ಫೋನನ್ನು ಕಿಟಕಿಯ ಮೇಲಿಟ್ಟೆ, ಸಿಗ್ನಲ್ ಕಡಿಮೆಯೆಂದು ಗೂಡಿನಲ್ಲಿಟ್ಟೆ, ಮತ್ತೆ ಕಿಟಕಿಗೆ ತಂದೆ. ಪದ್ಮಾ, "ಕುಂದ್ರಿ ಅಂದ್ರ" ಎಂದು ಗದರಿದಳು. ಕೂತೆ. ಆಗಲೇ ಫೋನು ಹೊಡೆಯಿತು. ಒಂದೇ ಸಲ.

ಆಮೇಲೆ ಏನಾಯಿತೆಂದು ಹೇಳಲು ನನಗೆ ನಾಚಿಕೆ. ಕಣ್ಣು ಬಿಟ್ಟು ನೋಡಿದರೆ ನಾನು ಓಣಿಯಲ್ಲಿದ್ದೆ, ಎರಡೂ ಕೈಯಲ್ಲಿ ಕೊಡ, ಎದುರಿಗೆ ಬಿಸಿಲಿಗೆ ಕಾದ ನಳ, ಒಂದು ಹನಿ ಇಲ್ಲ. ಹಿಂದೆ ಬಾಗಿಲಲ್ಲಿ ಪದ್ಮಾ ಕಿಸಿಕಿಸಿ ನಗುತ್ತಿದ್ದಳು. ಆಗ ನೆನಪಾಯಿತು. ಆದರೆ ಇದು ಪಾಸಾದ ಒಂದೋ, ಎರಡನೆಯದಕ್ಕೆ ಕೈ ಬಾರದೆ ನಿಂತ ಒಂದೋ? ಕೊಡ ಕೆಳಗಿಟ್ಟು, ಪದ್ಮಾ ತಂದುಕೊಟ್ಟ ಫೋನಿನಿಂದ, ದುಡ್ಡು ಹೋದರೆ ಹೋಗಲಿ ಎಂದು ನಾನೇ ಪೂರ್ತಿ ಹೊಡೆದೆ. ನಾಗಮ್ಮ ಎತ್ತಿದಳು.

"ಸರ, ಹುಡುಗಿ ಪಾಸಾಗ್ಯಾಳ್ರಿ! ಲೆಕ್ಕದಾಗೂ ಪಾಸ್! ಅವರಪ್ಪ ಕಾಲೇಜಿಗೆ ಹೋಗು ಅಂದಾನ. ಅಲ್ರೀ ಸರ, ಭಾಳ ಗಾಳಿ ಸಪ್ಪಳ ಬರಾಕತ್ತದ, ನೀವು ಎಲ್ಲಿ ನಿಂತೀರಿ?"

ಕಂಡದ್ದನ್ನು ಕಂಡ ಹಾಗೆ ಹೇಳುವವನು ನಾನು. ನಳದ ಮುಂದೆ ಎಂದೆ.