ಬರೀ ಗಾಳಿ

ಓವರ್ಸಿಯರನಿಗೆ ಮದುವೆಯಾಗಿ ವರ್ಷ ತುಂಬುತ್ತ ಬಂದಿದ್ದರೂ ಸಂಸಾರ ಇನ್ನೂ ಶುರುವಾಗಿರಲಿಲ್ಲ. ಎಲ್ಲೂ ಮನೆ ಸಿಗದೆ ಅತ್ತೆಮನೆಯಲ್ಲೇ ಬಿಡಾರ ಹೂಡಿದ್ದ. ಅಲ್ಲಿದ್ದದ್ದು ಒಂದೇ ಕೋಣೆ. ಅದರಲ್ಲಿ ಅತ್ತೆಯವರು ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಚಿಲಕ ಹಾಕುತ್ತಿದ್ದರು. ಅಳಿಯನಿಗೆ ಜಗಲಿ, ಹೊಲಿಗೆ ಯಂತ್ರದ ಪಕ್ಕ. ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಬಸ್ ನಿಲ್ದಾಣಕ್ಕೆ ಹೋಗಬೇಕಿತ್ತು.

ಹೀಗಿರುವಾಗ ಎಂಜಿನಿಯರ್ ಸಾಹೇಬರು ಅವನನ್ನು ಕರೆಸಿದರು. "ನಮ್ಮ ಇಲಾಖೆಯ ಯುದ್ಧದ ಮನೆ ಇದೆಯಲ್ಲ, ಅದರಲ್ಲಿ ಏನೋ ನರಳುತ್ತಂತೆ. ಕಾವಲಿಗೆ ಇಟ್ಟವರೆಲ್ಲ ಓಡಿಹೋದ್ರು. ನೀವು ಹೋಗಿ ನೋಡಿ. ದೆವ್ವ ಇಲ್ಲ ಅಂತ ತೋರಿಸಿಕೊಟ್ರೆ ಹಿಂದಿನ ಎರಡು ಕೋಣೆ ನಿಮಗೇ. ಸಂಜೆ ನಾನೂ ಬರ್ತೀನಿ."

ಅತ್ತೆಮನೆಯಲ್ಲಿ ವರ್ಷ ಕಳೆದವನಿಗೆ ದೆವ್ವದ ಭಯ ಉಳಿದಿರುವುದಿಲ್ಲ. ಹೆಂಡತಿಗೆ ಟ್ರಂಕು ಕಟ್ಟಲು ಹೇಳಿ, ಟಾರ್ಚು ಹಿಡಿದು ಹೊರಟೇಬಿಟ್ಟ.

ಯುದ್ಧಕಾಲದಲ್ಲಿ ಸೇನೆಯ ಅಧಿಕಾರಿಗಳಿದ್ದ ಮನೆ ಅದು. ಬೆಳಕು ಹೊರಗೆ ಕಾಣಬಾರದೆಂದು ಕಿಟಕಿಯ ಗಾಜಿಗೆ ಬಳಿದಿದ್ದ ಕಪ್ಪು ಬಣ್ಣ ಇನ್ನೂ ಹೋಗಿರಲಿಲ್ಲ. ಗೇಟಿನ ಬಳಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಡೆದರು. ಊರ ಉಸಾಬರಿಯನ್ನೆಲ್ಲ ತಲೆಮೇಲೆ ಹೊತ್ತುಕೊಂಡವರು ಅವರು.

"ಒಳಗೆ ಹೋಗ್ಬೇಡಿ. ಅಲ್ಲಿ ಗಾಳಿ ಇದೆ."

"ಒಳ್ಳೇದೇ ಆಯ್ತಲ್ಲ ಮೇಷ್ಟ್ರೇ. ಫ್ಯಾನ್ ಬೇಕಾಗಲ್ಲ."

"ಆ ಗಾಳಿ ಅಲ್ರೀ! ಸತ್ತ ಸಿಪಾಯಿದು!"

ಓವರ್ಸಿಯರ್ ಒಳಗೆ ಹೋದ. ಮನೆ ನಿಜಕ್ಕೂ ನರಳುತ್ತಿತ್ತು, ಹಲ್ಲುನೋವು ಬಂದವರ ಹಾಗೆ. ಸದ್ದು ನೆಲಮಾಳಿಗೆಯಿಂದ ಬರುತ್ತಿತ್ತು. ಇಳಿದು ನೋಡಿದರೆ ಗೋಡೆಯಲ್ಲಿ ಒಂದು ಕಬ್ಬಿಣದ ಕೊಳವೆ. ಯುದ್ಧಕಾಲದಲ್ಲಿ ಶತ್ರುವಿಮಾನ ಬರುತ್ತದೆಯೇ ಎಂದು ತಾರಸಿಯ ಮೇಲೆ ಕಾವಲಿದ್ದವನ ಜೊತೆ ಕೆಳಗಿದ್ದವರು ಮಾತಾಡಲು ಇಟ್ಟದ್ದು. ಮೇಲಿನ ಗಾಳಿ ಅದರೊಳಗೆ ನುಗ್ಗಿ ಊಳಿಡುತ್ತಿತ್ತು, ಅಷ್ಟೇ.

ಎರಡು ಕೋಣೆ! ಒಳಗಿನಿಂದ ಚಿಲಕ! ಸಂತೋಷ ತಡೆಯಲಾರದೆ ಕೊಳವೆಗೆ ಬಾಯಿಟ್ಟು ಕೂಗಿದ: "ಗಾಳಿ! ಬರೀ ಗಾಳಿ!" ಆಮೇಲೆ ಶರ್ಟು ಬಿಚ್ಚಿ ಕೊಳವೆಯ ಬಾಯಿಗೆ ತುರುಕಿದ. ಗೋಡೆಯ ಹಳೆಯ ಸುಣ್ಣವೆಲ್ಲ ಅವನ ಮೈಮೇಲೆ ಉದುರಿತು. ನರಳಾಟ ನಿಂತಿತು.

ಅದೇ ಹೊತ್ತಿಗೆ ಸಾಹೇಬರು ಗೇಟಿಗೆ ಬಂದಿದ್ದರು. ಅವರಿಗೂ ಮೇಷ್ಟ್ರಿಗೂ ಕೇಳಿಸಿದ್ದು ಇಷ್ಟು: ಮನೆ ನರಳಿತು, ತಾರಸಿಯಿಂದ ಯಾವುದೋ ಗೊಗ್ಗರು ದನಿ "ಗಾಳೀ... ಗಾಳೀ..." ಎಂದಿತು, ಮತ್ತೆ ಎಲ್ಲ ನಿಶ್ಶಬ್ದ. ಆಮೇಲೆ ಬಾಗಿಲು ತೆರೆದು, ಬರಿಮೈಯಲ್ಲಿ, ಬೆಳ್ಳಗೆ, ಹಲ್ಲು ಕಿರಿಯುತ್ತ ಓವರ್ಸಿಯರ್ ಹೊರಗೆ ಬಂದ.

"ಗಾಳಿ ಸಾರ್! ಹಿಡಿದುಬಿಟ್ಟೆ!"

ಮೇಷ್ಟ್ರು ಸಾಹೇಬರ ಬೆನ್ನ ಹಿಂದೆ ಸರಿದರು. "ಇವರು ಅದನ್ನ ಹಿಡಿದದ್ದಲ್ಲ ಸಾರ್. ಅದು ಇವರನ್ನ ಹಿಡಿದದ್ದು."

ಸಾಹೇಬರು ಕಿವಿಗೊಟ್ಟರು. "ಮನೆ ಈಗ ನರಳ್ತಾ ಇಲ್ವಲ್ಲ?"

"ಎಲ್ಲಿಂದ ನರಳುತ್ತೆ? ಮನೆ ಬಿಟ್ಟು ಇವರ ಮೈಗೆ ಬಂತಲ್ಲ!"

"ಅಯ್ಯೋ, ಕೊಳವೆಗೆ ಶರ್ಟು ತುರುಕಿದ್ದೀನಿ ಸಾರ್! ಇರಿ, ತೆಗೆದು ತೋರಿಸ್ತೀನಿ." ಒಳಗೆ ಓಡಿದ. ಶರ್ಟು ಎಳೆದ. ನರಳಾಟ ಕೇಳಿಸಿತು. ಮತ್ತೆ ತುರುಕಿ ಹೊರಗೆ ಓಡಿಬಂದ. "ಈಗ ಗೊತ್ತಾಯ್ತಾ ಸಾರ್?"

"ಗೊತ್ತಾಯ್ತು," ಎಂದರು ಸಾಹೇಬರು, ಮೂರು ಹೆಜ್ಜೆ ಹಿಂದೆ ಇಟ್ಟು. "ನೀವು ಒಳಗೆ ಹೋದ್ರೆ ನರಳುತ್ತೆ. ಹೊರಗೆ ಬಂದ್ರೆ ನಿಲ್ಲುತ್ತೆ. ಇನ್ನೇನು ಪುರಾವೆ ಬೇಕು?"

ಓವರ್ಸಿಯರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಶರ್ಟು ತೆಗೆದರೆ ಮನೆಗೆ ಗಾಳಿ, ಬಿಟ್ಟರೆ ತನಗೆ ಗಾಳಿ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಕೋಣೆ ಮಾತ್ರ ಸಿಗುವಂತಿರಲಿಲ್ಲ. ಅವನಿಗೆ ಅಳು ಬಂತು. ಮೇಷ್ಟ್ರು ಅದನ್ನೂ ಸಿಪಾಯಿಯ ಲೆಕ್ಕಕ್ಕೇ ಬರೆದುಕೊಂಡರು.

"ಒಟ್ಟಿನಲ್ಲಿ ಮನೆ ಶುದ್ಧವಾಯ್ತು," ಎಂದರು ಸಾಹೇಬರು. "ನಿಮ್ಮ ಉಪಕಾರ ಮರೆಯಲ್ಲ. ಆ ಕೋಣೆಗಳನ್ನ ನಮ್ಮ ಅಳಿಯನಿಗೆ ಕೊಡ್ತೀನಿ. ಪಾಪ, ಅವನೂ ನಮ್ಮನೆ ಜಗಲೀಲೇ ಬಿದ್ದಿದ್ದಾನೆ. ಮೇಷ್ಟ್ರೇ, ಇವರನ್ನ ಜೋಪಾನವಾಗಿ ಮನೆ ಸೇರಿಸಿ."

ಮೇಷ್ಟ್ರು ಸೇರಿಸಿದರು, ಹತ್ತು ಮಾರು ದೂರದಿಂದ. ಹೆಂಡತಿ ಟ್ರಂಕಿನ ಮೇಲೆ ಕೂತು ಕಾಯುತ್ತಿದ್ದಳು. "ರೀ, ಮನೆ ಸಿಕ್ತಾ? ಇದೇನು ಈ ಅವತಾರ?"

ಅವನು ಮೈಮೇಲಿನ ಸುಣ್ಣ ಕೊಡವಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಬೀದಿಯಿಂದಲೇ ಅತ್ತೆಯವರಿಗೆ ಸಮಾಚಾರವನ್ನೆಲ್ಲ ಒಪ್ಪಿಸಿದರು. ಅತ್ತೆಯವರು ಕೂಗಾಡಲಿಲ್ಲ. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜಗಲಿಯಲ್ಲಿದ್ದ ಅವನ ಹಾಸಿಗೆ ಸುತ್ತಿ ತಂದು ಅಂಗಳಕ್ಕೆ ಎಸೆದು, ಮಗಳಿಗೆ ಹೇಳಿದರು:

"ಇನ್ಮೇಲೆ ಹೊರಗಡೇನೇ ಮಲಗ್ಲಿ. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತೆ."