ಗುಡ್ಡದಾಚೆಗೊಂದು ನಿರಾಕ್ಷೇಪಣಾ ಪತ್ರ

ಉಲ್ಲೇಖಿತ ದೇಶವು ಅಣುಬಾಂಬು ತಯಾರಿಸುತ್ತಿದೆಯೋ ಇಲ್ಲವೋ ಎಂಬುದನ್ನು ಗಮನಿಸುತ್ತಿರಲು ದೆಹಲಿಯ ಲೋಧಿ ಕಾಲೋನಿಯಲ್ಲಿ ಒಂದು ಕಚೇರಿ ಇದೆ. ಅದರ ಹೆಸರು ಪರದೇಶ ಪರಮಾಣು ಅವಲೋಕನ ಘಟಕ. ನಾನು ಸೂರ್ಯನಾರಾಯಣ, ಅದರ ಉಪನಿರ್ದೇಶಕ. ದೇಶದ ಹೆಸರನ್ನು ಎಲ್ಲೂ ಹೇಳಬಾರದೆಂಬ ನಿಯಮವಿರುವುದರಿಂದ ಕಡತಗಳಲ್ಲಿ ಅದನ್ನು ‘ಉಲ್ಲೇಖಿತ ದೇಶ’ ಎನ್ನುತ್ತೇವೆ. ಹೊಸದಾಗಿ ಸೇರಿದವರಿಗೆ ಅದು ಯಾವ ದೇಶವೆಂದು ತಿಳಿಯಲು ಕೆಲವು ತಿಂಗಳು ಹಿಡಿಯುತ್ತದೆ. ಬಾಯಿಬಿಟ್ಟು ಕೇಳುವಂತಿಲ್ಲ.

ಇಷ್ಟು ಗೋಪ್ಯವಾದ ವಿಷಯವನ್ನು ಹೀಗೆ ಬರೆಯಬಹುದೇ ಎಂದು ಯಾರಾದರೂ ಹುಬ್ಬೇರಿಸಬಹುದು. ನಮ್ಮ ಗೋಪ್ಯತಾ ನಿಯಮವು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬಹಿರಂಗಪಡಿಸುವುದನ್ನು ಮಾತ್ರ ನಿಷೇಧಿಸಿದೆ. ಕನ್ನಡದ ಪ್ರಸ್ತಾಪ ಅದರಲ್ಲಿಲ್ಲ. ನಿಯಮ ಬರೆದವರಿಗೆ ನಮ್ಮ ಭಾಷೆ ನೆನಪಾಗಲಿಲ್ಲವಲ್ಲ ಎಂದು ಬೇಸರಪಡುವವರು ಬೇಸರಪಡಲಿ, ನನಗೆ ಅನುಕೂಲವೇ ಆಗಿದೆ. ಈಚೆಗೆ ಪತ್ರಿಕೆಗಳವರು ‘ಬೇಹುಗಾರಿಕೆಯ ಘೋರ ವೈಫಲ್ಯ’ ಎಂದು ನಮ್ಮ ಮೇಲೆ ಹರಿಹಾಯ್ದರು. ಕಚೇರಿಯ ಮೆಟ್ಟಿಲು ಹತ್ತಿ ನೋಡದ ಜನ. ಅವರಿಗೆ ತಿಳಿಸಿ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಘಟಕ ಸ್ಥಾಪನೆಯಾದಾಗ ಉಲ್ಲೇಖಿತ ದೇಶದ ಒಂದು ಕಣಿವೆಯನ್ನು ‘ಅಧಿಸೂಚಿತ ಕ್ಷೇತ್ರ’ವೆಂದು ಗುರುತಿಸಿ ಆದೇಶ ಹೊರಡಿಸಲಾಯಿತು. ಆಗ ಅವರ ಕಾರ್ಖಾನೆ ಅಲ್ಲಿತ್ತು. ಕಣಿವೆಯ ಪೂರ್ವಕ್ಕೊಂದು ಗುಡ್ಡ. ಗುಡ್ಡದ ನೆತ್ತಿಯವರೆಗೆ ನಮ್ಮ ವ್ಯಾಪ್ತಿ. ಗುಡ್ಡದಾಚೆಯದು ಬೇರೊಂದು ಸಚಿವಾಲಯದ ಹುಲ್ಲುಗಾವಲು ಸಮೀಕ್ಷಾ ಘಟಕಕ್ಕೆ ಸೇರಿದ್ದು. ಪರದೇಶಗಳ ಹುಲ್ಲಿನ ಅಂದಾಜು ಅವರ ಕೆಲಸ. ಆದರೆ ಉಪಗ್ರಹಕ್ಕೆ ಈ ತಿಳಿವಳಿಕೆ ಇಲ್ಲ. ಅದು ಗುಡ್ಡದ ಎರಡೂ ಕಡೆಯನ್ನು ಸೇರಿಸಿ ಚಿತ್ರ ಕಳಿಸುತ್ತದೆ. ಹಾಗಾಗಿ ಚಿತ್ರ ಬಂದ ಕೂಡಲೇ ಅದನ್ನು ಕಾಗದದ ಮೇಲೆ ಮುದ್ರಿಸುತ್ತೇವೆ, ಏಕೆಂದರೆ ಕಂಪ್ಯೂಟರಿನ ಪರದೆಗೆ ಮೊಹರು ಹಾಕಲು ಬರುವುದಿಲ್ಲ. ಆಮೇಲೆ ನಿವೃತ್ತಿಗೆ ಹತ್ತಿರವಾಗಿರುವ ನಮ್ಮ ಜವಾನ ಕಿಶನ್ ಗುಡ್ಡದ ನೆತ್ತಿಯುದ್ದಕ್ಕೂ ನೀಟಾಗಿ ಕತ್ತರಿ ಆಡಿಸುತ್ತಾನೆ. ಈಚೆಯ ಭಾಗ ಪರಮ ಗೋಪ್ಯ, ಉಕ್ಕಿನ ಬೀರುವಿಗೆ. ಆಚೆಯ ಭಾಗ ನಮ್ಮ ವ್ಯಾಪ್ತಿಯದಲ್ಲವಾದ್ದರಿಂದ ಗೋಪ್ಯವೂ ಅಲ್ಲ. ಅದು ಕ್ಯಾಂಟೀನಿಗೆ ಹೋಗುತ್ತದೆ.

ಉಲ್ಲೇಖಿತ ದೇಶದ ಅಣು ಚಟುವಟಿಕೆಯಲ್ಲಿ ಒಂದು ವಿಶೇಷವನ್ನು ನಾವು ಕಂಡುಕೊಂಡಿದ್ದೇವೆ. ಅದು ಪ್ರತಿ ವರ್ಷ ಫೆಬ್ರವರಿಯಲ್ಲಿ, ಅಂದರೆ ನಮ್ಮ ಅನುದಾನ ಖರ್ಚಾಗದೆ ವಾಪಸು ಹೋಗುವ ಅಪಾಯವಿರುವ ಹೊತ್ತಿಗೆ, ಇದ್ದಕ್ಕಿದ್ದಂತೆ ಚುರುಕುಗೊಳ್ಳುತ್ತದೆ. ಏಪ್ರಿಲ್ ಮೊದಲ ವಾರ ತಣ್ಣಗಾಗುತ್ತದೆ. ಇದರ ವೈಜ್ಞಾನಿಕ ಕಾರಣ ಇನ್ನೂ ಪತ್ತೆಯಾಗಿಲ್ಲ.

ಇಂಥ ಶಿಸ್ತಿನ ಕಚೇರಿಗೆ ಕಳೆದ ವರ್ಷ ಧಾರಿಣಿ ಎಂಬ ಹುಡುಗಿ ವಿಶ್ಲೇಷಕಿಯಾಗಿ ಬಂದಳು. ಬಳ್ಳಾರಿಯವಳು. ದೆಹಲಿಯಲ್ಲಿ ಕೋಚಿಂಗ್ ಸೆಂಟರುಗಳೇ ತುಂಬಿರುವ ಮುಖರ್ಜಿ ನಗರದ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ವರ್ಷಗಟ್ಟಲೆ ಕೂತು ಓದಿ, ಕೊಟ್ಟ ಕೊನೆಯ ಅವಕಾಶದಲ್ಲಿ ಪರೀಕ್ಷೆ ಪಾಸಾದವಳು. ವಯಸ್ಸಿನ ಮಿತಿ ದಾಟಿತ್ತು, ಈ ಕೆಲಸ ಹೋದರೆ ಇನ್ನೊಂದು ಪರೀಕ್ಷೆಗೆ ಕೂರುವಂತಿರಲಿಲ್ಲ. ಮಾರ್ಚಿಗೆ ಅವಳ ಪರೀಕ್ಷಾರ್ಥ ಅವಧಿ ಮುಗಿಯಬೇಕಿತ್ತು. ನಿರ್ದೇಶಕರು ಒಪ್ಪಿದರೆ ಖಾಯಂ, ಒಪ್ಪದಿದ್ದರೆ ಬಳ್ಳಾರಿಯ ರೈಲು. ಇದನ್ನೆಲ್ಲ ತಿಳಿದೂ ಅವಳು ಕೆಲಸ ಮಾಡಲು ಶುರುಮಾಡಿದಳು.

ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಕ್ಯಾಂಟೀನಿನಿಂದ ಎದ್ದು ನೇರ ನನ್ನ ಮೇಜಿಗೆ ಬಂದಳು. ಕೈಯಲ್ಲಿ ಸಮೋಸಾ ಕಟ್ಟಿದ್ದ ಕಾಗದ.

“ಸರ್, ಇದು ಯಾವ ಜಾಗ ನೋಡಿ.”

“ಮೊದಲು ಸಮೋಸಾ ತಿನ್ನಮ್ಮ, ಆರಿಹೋಗುತ್ತೆ.”

“ಸಮೋಸಾ ಬಿಡಿ ಸರ್, ಕಾಗದ ನೋಡಿ. ಇದು ಗುಡ್ಡದ ಆ ಕಡೆ. ಸುರಂಗದ ಬಾಯಿ ಇದೆ, ಸುತ್ತ ಡಬಲ್ ಬೇಲಿ, ಕಾವಲು ಗೋಪುರ, ಹೊರಗೆ ಸಾಲಾಗಿ ಟ್ರಕ್ಕು. ನಾವು ದಿನಾ ನೋಡ್ತಿರೋ ಕಣಿವೇಲಿ ಬರೀ ಆಡು ಮೇಯ್ತಿವೆ. ಅವರು ಪೂರಾ ಗುಡ್ಡದಾಚೆ ಶಿಫ್ಟ್ ಆಗಿಬಿಟ್ಟಿದಾರೆ.”

ಆಡುಗಳ ವಿಷಯ ನಮಗೆ ಗೊತ್ತಿಲ್ಲದ್ದೇನಲ್ಲ. ಅವುಗಳನ್ನು ನಾವು ‘ಗುಂಪು ಗುಂಪಾಗಿ ಶಂಕಾಸ್ಪದ ಚಲನವಲನ’ ಎಂದು ವರದಿ ಮಾಡುತ್ತಲೇ ಬಂದಿದ್ದೆವು. ಆ ವರದಿಗೆ ಮೇಲಿನಿಂದ ಪ್ರಶಂಸೆಯೂ ಬಂದಿತ್ತು. ಆದರೂ ಹುಡುಗಿ ಹಟ ಹಿಡಿದಳೆಂದು ನಿರ್ದೇಶಕ ದತ್ತಾತ್ರೇಯರ ಬಳಿಗೆ ಕರೆದೊಯ್ದೆ. ಅವರೂ ನಮ್ಮವರೇ, ಶಿವಮೊಗ್ಗದ ಕಡೆಯವರು. ಯಾರ ಮೇಲೂ ದನಿಯೆತ್ತಿದವರಲ್ಲ.

“ಇದನ್ನ ಎಲ್ಲಿ ನೋಡಿದೆ?” ಎಂದರು.

“ಕ್ಯಾಂಟೀನಲ್ಲಿ ಸರ್.”

“ಕ್ಯಾಂಟೀನಲ್ಲಿ ಅವಲೋಕನ ಮಾಡೋ ಅಧಿಕಾರ ನಿನಗೆ ಯಾರು ಕೊಟ್ಟರು?”

“ಸರ್, ಅವರು ಬಾಂಬ್ ಮಾಡ್ತಿದಾರೆ!”

“ಮಾಡಲಿ. ಎಲ್ಲಿ ಮಾಡ್ತಿದಾರೆ ಅನ್ನೋದು ಪ್ರಶ್ನೆ.”

“ಗುಡ್ಡದಾಚೆ.”

“ಹಾಗಾದ್ರೆ ಅದು ಹುಲ್ಲಿನವರದ್ದು.”

“ಹುಲ್ಲಿನವರಿಗೂ ಫೋನ್ ಮಾಡಿದೆ ಸರ್. ‘ಕಾಮಗಾರಿಯ ಕಾರಣ ಹುಲ್ಲಿನ ಇಳುವರಿ ಕಡಿಮೆ’ ಅಂತ ಬರ್ಕೊಂಡು ಸುಮ್ಮನಾಗಿದಾರೆ.”

“ನೋಡು, ಅವರ ಕೆಲಸ ಅವರು ಮಾಡಿದಾರೆ,” ಎಂದರು ದತ್ತಾತ್ರೇಯ. ಅವರ ಮುಖದಲ್ಲಿ ಆ ಘಟಕದ ಬಗ್ಗೆ ನಿಜವಾದ ಗೌರವವಿತ್ತು.

ಹಾಗೆಂದು ಅವರು ಅವಳನ್ನು ತಳ್ಳಿಹಾಕಲಿಲ್ಲ. ನಿಯಮದ ಪುಸ್ತಕ ತರಿಸಿ ದಾರಿ ಹುಡುಕಿದರು. ಹೊಸ ಜಾಗವನ್ನು ಅವಲೋಕನಕ್ಕೆ ತೆಗೆದುಕೊಳ್ಳಬೇಕಾದರೆ ಆ ಜಾಗದ ಸ್ವಾಧೀನದಾರರಿಂದ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಮೂಲತಃ ಬಾಡಿಗೆ ಕಟ್ಟಡಗಳ ಮೇಲೆ ನೀರಿನ ಟ್ಯಾಂಕು ಕೂರಿಸುವುದಕ್ಕಾಗಿ ಬರೆಯಲಾಗಿತ್ತು. ಒಳ್ಳೆಯ ನಿಯಮವೆಂದು ನಮ್ಮ ಘಟಕಕ್ಕೂ ಅಳವಡಿಸಿಕೊಂಡಿದ್ದರು.

“ಸ್ವಾಧೀನದಾರರು ಅಂದ್ರೆ ಆ ದೇಶದವರೇ ಅಲ್ವಾ ಸರ್?” ಎಂದಳು ಧಾರಿಣಿ.

“ಮತ್ತೆ? ಅವರನ್ನ ಬಿಟ್ಟು ಇನ್ಯಾರಿಗೆ ಆಕ್ಷೇಪ ಇರುತ್ತೆ?” ಎಂದ ನಿರ್ದೇಶಕರು, ಕನ್ನಡಕ ತೆಗೆದು ಮೆಲ್ಲಗೆ ಸೇರಿಸಿದರು, “ನಿಯಮ ಮೀರಿ ನೋಡೋರನ್ನ ಖಾಯಂ ಮಾಡೋಕೆ ನನ್ನ ಕೈಲಾಗಲ್ಲ ಅಮ್ಮ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.”

ಪತ್ರದ ಕರಡು ನನ್ನದೇ. ಹೆಮ್ಮೆಯಿಂದ ಇಲ್ಲಿ ಕೊಡುತ್ತಿದ್ದೇನೆ.

‘ಮಾನ್ಯರೇ, ತಾವು ಗುಡ್ಡದಾಚೆ ಗೋಪ್ಯವಾಗಿ ನಡೆಸುತ್ತಿರುವ ಚಟುವಟಿಕೆಯನ್ನು ನಾವು ಗೋಪ್ಯವಾಗಿ ಗಮನಿಸಲು ಉದ್ದೇಶಿಸಿದ್ದು, ಸದರಿ ವಿಷಯದಲ್ಲಿ ತಮ್ಮ ಆಕ್ಷೇಪಣೆಗಳೇನಾದರೂ ಇದ್ದಲ್ಲಿ ಸಕಾರಣವಾಗಿ ತಿಳಿಸತಕ್ಕದ್ದು. ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದಲ್ಲಿ ತಮಗೆ ಆಕ್ಷೇಪಣೆ ಇದೆಯೆಂದು ಭಾವಿಸಿ ಪ್ರಸ್ತಾವನೆಯನ್ನು ಕೈಬಿಡಲಾಗುವುದು. ಲಗತ್ತು: ಚಿತ್ರ ಒಂದು, ಎಣ್ಣೆಯುಕ್ತ.’

ಕಿಶನ್ ಬಸ್ಸಿನಲ್ಲಿ ಚಾಣಕ್ಯಪುರಿಗೆ ಹೋಗಿ, ಉಲ್ಲೇಖಿತ ದೇಶದ ರಾಯಭಾರ ಕಚೇರಿಯಲ್ಲಿ ಪತ್ರವನ್ನು ಖುದ್ದಾಗಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬಂದ. ಧಾರಿಣಿ ಅಂದು ಊಟ ಮಾಡಲಿಲ್ಲ.

“ಸರ್, ಇದು ದೇಶದ್ರೋಹ ಅಲ್ವಾ?” ಎಂದಳು.

“ಹುಚ್ಚಿ, ಸ್ವೀಕೃತಿ ತಗೊಂಡಿದೀವಿ. ದೇಶದ್ರೋಹಕ್ಕೆ ಯಾರಾದ್ರೂ ಸ್ವೀಕೃತಿ ತಗೋತಾರಾ?” ಎಂದೆ.

ನನ್ನ ಇಷ್ಟು ವರ್ಷದ ಸೇವೆಯಲ್ಲಿ ಯಾವ ಕಚೇರಿಯೂ ನಮ್ಮ ಪತ್ರಕ್ಕೆ ಅವಧಿಯೊಳಗೆ ಉತ್ತರಿಸಿದ್ದಿಲ್ಲ. ಇವರು ವಾರದೊಳಗೆ ಉತ್ತರಿಸಿದರು, ಅದೂ ಎಂಥ ಸಜ್ಜನಿಕೆ! ಗುಡ್ಡದಾಚೆ ನೋಡುವುದಕ್ಕೆ ತಮ್ಮ ಆಕ್ಷೇಪಣೆ ಇದೆಯೆಂದೂ, ಆದರೆ ಕಣಿವೆಯನ್ನು ಎಂದಿನಂತೆ ನೋಡುತ್ತಿರಲು ಯಾವ ಅಡ್ಡಿಯೂ ಇಲ್ಲವೆಂದೂ ಬರೆದಿದ್ದರು. ಕಣಿವೆಯಲ್ಲಿ ಈಚೆಗೆ ಚಟುವಟಿಕೆ ಕಡಿಮೆಯಾಗಿ ನಮಗೆ ತೊಂದರೆಯಾಗಿರುವುದು ತಮ್ಮ ಗಮನಕ್ಕೆ ಬಂದಿದ್ದು ಕೂಡಲೇ ಸರಿಪಡಿಸಲಾಗುವುದೆಂದೂ, ಅನಾನುಕೂಲಕ್ಕೆ ವಿಷಾದಿಸುತ್ತೇವೆಂದೂ ಇತ್ತು. ಜೊತೆಗೆ ದೀಪಾವಳಿಯ ಡ್ರೈಫ್ರೂಟ್ಸ್ ಡಬ್ಬಿಗಳು. ಧಾರಿಣಿ ತನ್ನ ಡಬ್ಬಿ ಮುಟ್ಟಲಿಲ್ಲ. ಅದನ್ನೂ ನಾನೇ ಕಿದ್ವಾಯಿ ನಗರದ ನನ್ನ ಮನೆಗೆ ಒಯ್ದೆ, ಹಾಳಾಗಬಾರದಲ್ಲ.

ಅವರು ಮಾತಿಗೆ ತಪ್ಪಲಿಲ್ಲ. ಮುಂದಿನ ಚಿತ್ರದಲ್ಲಿ ಆಡುಗಳಿರಲಿಲ್ಲ. ಹಳೆಯ ಚಿಮಣಿಗೆ ಸುಣ್ಣ ಬಳಿದಿದ್ದರು, ಅದರಿಂದ ದಟ್ಟ ಹೊಗೆ ಏಳುತ್ತಿತ್ತು. ಖಾಲಿ ಲಾರಿಗಳೆರಡು ಕಣಿವೆಯನ್ನು ಸುತ್ತುತ್ತಿದ್ದವು. ನಾವು ವರದಿಯ ಮೇಲೆ ವರದಿ ಕಳಿಸಿದೆವು. ಫೆಬ್ರವರಿ ಬರುವ ಹೊತ್ತಿಗೆ ಅವರ ಹೊಗೆ ಎಷ್ಟು ಗಂಭೀರವಾಯಿತೆಂದರೆ, ನಮಗೆ ಹೊಸ ಸೋಫಾ, ಎರಡು ಹೆಚ್ಚುವರಿ ಹುದ್ದೆ ಮತ್ತು ಪ್ರತಿ ಕೋಣೆಗೂ ಏರ್ ಪ್ಯೂರಿಫೈಯರ್ ಮಂಜೂರಾದವು. ಕಿಟಕಿಯ ಹೊರಗೆ ದೆಹಲಿಯ ಹೊಗೆ, ಮೇಜಿನ ಮೇಲೆ ಅವರ ಹೊಗೆ. ನಡುವೆ ನಾವು ನೆಮ್ಮದಿಯಿಂದ ಉಸಿರಾಡುತ್ತ ಕೆಲಸ ಮಾಡಿದೆವು.

ಧಾರಿಣಿ ಮಾತ್ರ ಬಿಡಲಿಲ್ಲ. ಗುಡ್ಡದಾಚೆ ಮಾರ್ಚಿನೊಳಗೆ ಸ್ಫೋಟ ನಡೆಯುವ ಸಂಭವವಿದೆಯೆಂದು ಒಂದು ಟಿಪ್ಪಣಿ ಬರೆದು, ನಮ್ಮೆಲ್ಲರ ತಲೆಯ ಮೇಲಿಂದ ದಾಟಿಸಿ ಸಚಿವಾಲಯಕ್ಕೆ ಕಳಿಸಿದಳು. ಅದು ಏಳು ಮೇಜು ಸುತ್ತಿ, ‘ಯುಕ್ತ ಮಾರ್ಗದಲ್ಲಿ ಸಲ್ಲಿಸುವುದು’ ಎಂಬ ಷರಾದೊಂದಿಗೆ ದತ್ತಾತ್ರೇಯರ ಮೇಜಿಗೇ ಬಂದು ಬಿತ್ತು. ಅವರು ಅದರ ಮೇಲೆ ಪೇಪರ್‌ವೇಟ್ ಇಟ್ಟರು.

ಮಾರ್ಚಿನ ಒಂದು ಬೆಳಿಗ್ಗೆ ಗುಡ್ಡದಾಚೆ ಭೂಮಿ ನಡುಗಿತು. ಉಲ್ಲೇಖಿತ ದೇಶದ ಜನ ಬೀದಿಯಲ್ಲಿ ಪಟಾಕಿ ಹೊಡೆಯುವುದನ್ನು ಎಲ್ಲ ಟಿವಿಗಳೂ ತೋರಿಸಿದವು. ಸಂಜೆಯೊಳಗೆ ವಿಚಾರಣಾ ಸಮಿತಿಯೊಂದು ನೇಮಕವಾಯಿತು. ಅದರ ಅಧ್ಯಕ್ಷೆ, ನಿವೃತ್ತ ಕಾರ್ಯದರ್ಶಿ ವೈಜಯಂತಿ, ಬಹಳ ಕಟ್ಟುನಿಟ್ಟಿನ ಹೆಂಗಸು.

“ಕಣಿವೆಯಲ್ಲಿ ಸ್ಫೋಟ ಆಯಿತೇ?” ಎಂದು ಕೇಳಿದರು.

“ಇಲ್ಲ ಮೇಡಂ,” ಎಂದರು ದತ್ತಾತ್ರೇಯ.

“ಕಣಿವೆಯಲ್ಲಿ ಆಗುತ್ತದೆ ಎಂದು ನಿಮ್ಮ ವರದಿ ಹೇಳಿತ್ತೇ?”

“ಎಲ್ಲೂ ಹೇಳಿಲ್ಲ ಮೇಡಂ.”

“ಅಂದರೆ ನಿಮ್ಮ ವರದಿ ಅಕ್ಷರಶಃ ನಿಜವಾಗಿದೆ. ಹುಲ್ಲಿನವರು ಏನು ಹೇಳುತ್ತಾರೆ?”

ಹುಲ್ಲಿನವರೂ ತಪ್ಪು ಮಾಡಿರಲಿಲ್ಲ. ‘ಗುಡ್ಡದಾಚೆ ಹುಲ್ಲು ಸಂಪೂರ್ಣ ನಾಶ’ ಎಂದು ಅದೇ ದಿನ ದಾಖಲಿಸಿದ್ದರು. ಎರಡೂ ಘಟಕಗಳು ನಿರ್ದೋಷಿಗಳಾದಾಗ ಉಳಿದದ್ದು ಪೇಪರ್‌ವೇಟಿನಡಿಯ ಆ ಟಿಪ್ಪಣಿ. ವೈಜಯಂತಿಯವರು ಅದನ್ನು ಎರಡು ಸಲ ಓದಿದರು. ಪರದೇಶದ ಸ್ಫೋಟ ಮುಂಚಿತವಾಗಿ ಗೊತ್ತಿದ್ದವಳು ಇಡೀ ಸರ್ಕಾರದಲ್ಲಿ ಇವಳೊಬ್ಬಳೇ, ಇಷ್ಟು ನಿಖರವಾಗಿ ಹೇಗೆ ಗೊತ್ತಾಯಿತು, ಅಲ್ಲಿ ಯಾರ ಸಂಪರ್ಕವಿದೆ ಎಂದರು. ಪ್ರಶ್ನೆ ನ್ಯಾಯವಾದದ್ದೇ. ಗೊತ್ತಿಲ್ಲದವರನ್ನು ಯಾರೂ ಸಂಶಯಿಸುವಂತಿಲ್ಲ. ಚಹಾ ವಿರಾಮದ ನಂತರ ಉತ್ತರ ಕೊಡಬೇಕು, ಸಮಾಧಾನಕರವಾಗಿಲ್ಲದಿದ್ದರೆ ಪೊಲೀಸರಿಗೆ ಒಪ್ಪಿಸುವುದು ಎಂದಾಯಿತು.

ಕಾರಿಡಾರಿನಲ್ಲಿ ಧಾರಿಣಿ ಗೋಡೆಗೊರಗಿ ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು.

“ಅಪ್ಪ ದಿನಾ ಫೋನ್ ಮಾಡಿ, ಖಾಯಂ ಆಯ್ತೇನವ್ವ ಅಂತ ಕೇಳ್ತಾರೆ ಸರ್. ಈಗ ಜೈಲು ಅಂತ ಹೇಳ್ಲಾ?” ಎಂದಳು. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿ, “ನಾನು ನೋಡಿದ್ದು ನಿಜ ಅಲ್ವಾ ಸರ್? ನೀವಾದ್ರೂ ಒಂದ್ಸಲ ಹೇಳಿ,” ಎಂದಳು.

ನನ್ನ ಮನಸ್ಸೂ ಕಲ್ಲಲ್ಲ. “ನಿಜ ಕಣಮ್ಮ,” ಎಂದೆ. “ಆದರೆ ವ್ಯಾಪ್ತಿಯ ಹೊರಗಿನ ನಿಜ.”

ಅವಳು ಬಾಟಲಿಯ ನೀರಿನಿಂದ ಮುಖ ತೊಳೆದುಕೊಂಡು, ದುಪಟ್ಟಾದಲ್ಲಿ ಒರೆಸಿಕೊಂಡು ಒಳಗೆ ಹೋದಳು.

“ಕಾಗದದ ಮೇಲೆ ಎಣ್ಣೆ ಕಲೆ ಇತ್ತು ಮೇಡಂ,” ಎಂದಳು ನೆಲ ನೋಡುತ್ತ. “ಅದನ್ನೇ ಸುರಂಗ ಅಂತ ತಪ್ಪು ತಿಳ್ಕೊಂಡೆ.”

ಸಮಿತಿಗೆ ಸಮಾಧಾನವಾಯಿತು. ಎಣ್ಣೆ ಕಲೆಗೂ ಸ್ಫೋಟಕ್ಕೂ ಸಂಬಂಧವಿಲ್ಲವೆಂದು ತೀರ್ಮಾನಿಸಿ, ಇಂಥ ಘಟನೆ ಮರುಕಳಿಸದಂತೆ ಕ್ಯಾಂಟೀನಿನಲ್ಲಿ ಕಡಿಮೆ ಎಣ್ಣೆ ಬಳಸತಕ್ಕದ್ದೆಂದು ಶಿಫಾರಸು ಮಾಡಿತು. ಶಿಫಾರಸು ಮರುದಿನದಿಂದಲೇ ಜಾರಿಗೆ ಬಂತು. ಧಾರಿಣಿಯನ್ನು ಖಾಯಂ ಮಾಡುವ ಆದೇಶಕ್ಕೆ ದತ್ತಾತ್ರೇಯರು ಅದೇ ವಾರ ಸಹಿ ಹಾಕಿದರು. ಅವಳ ಅಪ್ಪ ಬಳ್ಳಾರಿಯಿಂದ ಇಡೀ ಕಚೇರಿಗೆ ಪೇಡ ಕಳಿಸಿದರು.

ಗುಡ್ಡದಾಚೆಯ ವಿಷಯ ಜಗತ್ತಿಗೆಲ್ಲ ಗೊತ್ತಾಗಿದ್ದರಿಂದ ಸರ್ಕಾರ ಅದನ್ನೂ ನಮ್ಮ ವ್ಯಾಪ್ತಿಗೆ ಸೇರಿಸಿತು. ಈ ಬಾರಿ ರಾಯಭಾರ ಕಚೇರಿಯವರು ಕೇಳುವ ಮುಂಚೆಯೇ ನಿರಾಕ್ಷೇಪಣಾ ಪತ್ರ ಕಳಿಸಿದರು. ಅಲ್ಲಿ ಈಗ ಒಂದು ದೊಡ್ಡ ಗುಂಡಿಯನ್ನು ಬಿಟ್ಟರೆ ಬೇರೇನಿಲ್ಲ. ಗುಂಡಿಯ ಉಸ್ತುವಾರಿ ಧಾರಿಣಿಯದು.

ಮೊನ್ನೆ ಹೊಸ ಚಿತ್ರ ಬಂತು. ಗುಂಡಿಯನ್ನು ದಾಟಿದರೆ ಒಂದು ಹೊಳೆ. ಹೊಳೆಯ ಆಚೆ ದಡದಲ್ಲಿ ಹೊಸ ರಸ್ತೆ, ಅದರ ತುದಿಯಲ್ಲಿ ಏನೋ ಅಗೆಯುತ್ತಿರುವ ಯಂತ್ರಗಳು. ಬರಿಗಣ್ಣಿಗೇ ಕಾಣುತ್ತಿದ್ದವು.

“ಹೊಳೆಯಾಚೆ ಏನೋ ನಡೀತಿದೆಯಲ್ಲಮ್ಮ?” ಎಂದು ಕೇಳಿದೆ, ಹುಡುಗಿ ಏನು ಹೇಳುತ್ತಾಳೋ ನೋಡೋಣವೆಂದು.

ಅವಳು ಬರೆಯುತ್ತಿದ್ದ ವರದಿಯಿಂದ ತಲೆಯೆತ್ತಲಿಲ್ಲ.

“ಅದು ಮೀನುಗಾರಿಕೆಯವರದ್ದು ಸರ್,” ಎಂದಳು.

ಇದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿದಿತ್ತು.